ಕೀಬೋರ್ಡಿನ ಮೇಲೆ ಇರುವೆ ಸಾಲು

"ಇನ್ನೊಂದು," ಎಂದರು ತಪಾಸಣೆಯಮ್ಮ. ಹೇರ್‌ಪಿನ್ನಿನ ತುದಿಯಿಂದ ಕೀಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳನ್ನು ಮೀಟಿ ತಟ್ಟೆಗೆ ಹಾಕಿದರು. "ಇಗೋ, ಮತ್ತೊಂದು. ಇದು ಲ್ಯಾಪ್‌ಟಾಪು, ಕುಕ್ಕರ್ ಅಲ್ಲ ಅಂತ ಈ ಮನೇಲಿ ಒಬ್ಬರಿಗಾದ್ರೂ ಹೊಳೀಲಿಲ್ವಾ?"

"ಅಕ್ಕಿ ತೇವ ಎಳ್ಕೊಳ್ಳುತ್ತೆ ಅಂತ ಎಲ್ಲರೂ ಹೇಳ್ತಾರಲ್ಲೇ," ಎಂದರು ಅವರ ಗೆಳತಿ, ಸಣ್ಣ ದನಿಯಲ್ಲಿ.

"ಹೇಳೋರು ಹೇಳ್ತಾರೆ. ಆಮೇಲೆ ಹೆಕ್ಕೋಕೆ ನಾನು ಬರಬೇಕು."

ಗೆಳತಿ ತಲೆ ತಗ್ಗಿಸಿದರು. ಅವರ ತೊಡೆಯ ಮೇಲೆ ಆಸ್ಪತ್ರೆಗೆ ಒಯ್ಯುವ ಚೀಲ ಸಿದ್ಧವಾಗಿತ್ತು. ಅದರೊಳಗೆ ಮಡಿಸಿಟ್ಟ ಮೆತ್ತನೆಯ ಪಂಚೆ, ಒಂದು ಟವೆಲ್ಲು. ಅವರ ಗಂಡ ಓದು ಮೇಷ್ಟ್ರ ಗಂಟಲಿನ ಆಪರೇಷನ್ ನಿನ್ನೆ ಬೆಳಿಗ್ಗೆ ಮುಗಿದಿತ್ತು. ಆ ಗಂಟಲಿನಿಂದ ಇನ್ನು ದನಿ ಬರುವುದಿಲ್ಲ, ಅವರು ಹೆಂಡತಿಗಾಗಿ ಆಡಿಟ್ಟ ಕೊನೆಯ ಮಾತು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು.

ಲ್ಯಾಪ್‌ಟಾಪನ್ನು ಪೆಟ್ಟಿಗೆ ಎನ್ನುತ್ತಿದ್ದ ಮೇಷ್ಟ್ರು ಆಪರೇಷನ್ ಕೋಣೆಯ ಬಾಗಿಲಲ್ಲಿ ಹೇಳಿದ್ದು ಇಷ್ಟು. "ನಮ್ಮ ಪೆಟ್ಟಿಗೇಲಿ ನಿನಗೊಂದು ಪ್ರಶ್ನೆ ಇಟ್ಟಿದೀನಿ. ನಾಳೆ ಸಂಜೆ ಬರುವಾಗ ಉತ್ತರ ತಾ."

ಇವತ್ತೇ ಆ ಸಂಜೆ. ಮೇಷ್ಟ್ರು ಹಾಸಿಗೆಯಲ್ಲಿ ಕಾಯುತ್ತಿರುತ್ತಾರೆ, ಪ್ರಶ್ನೆಯನ್ನೇ ಕೇಳದ ಹೆಂಡತಿ ಎದುರಿಗೆ ಹೋಗಿ ನಿಲ್ಲಬೇಕು.

"ಜೀವನವೆಲ್ಲ ಪುಸ್ತಕ ಓದಿ ರೆಕಾರ್ಡ್ ಮಾಡಿದ್ರು," ಎಂದರು ಗೆಳತಿ. "ಒಂದು ಕಪಾಟು ತುಂಬ ಅವರ ದನಿ ಇದೆ. ಆದ್ರೆ ಎಲ್ಲ ಬೇರೆಯವರ ಮಾತು. ಇದೊಂದು ಅವರ ಸ್ವಂತದ್ದು."

ತಪಾಸಣೆಯಮ್ಮ ಪಿನ್ನು ಕೆಳಗಿಟ್ಟರು. ಒಂದು ಕ್ಷಣ ಅವರ ಮುಖದ ಸಿಡುಕು ಮಾಯವಾಯಿತು. ಬಿರುಕು ಬಿಟ್ಟಂತಿದ್ದ ಕೀಬೋರ್ಡನ್ನು ಮತ್ತೆ ನೋಡಿದ್ದೇ ತಡ, ವಾಪಸು ಬಂತು.

ವಿಮಾ ಕಂಪನಿಯಲ್ಲಿ ಅವರ ಕೆಲಸವೇ ನಷ್ಟ ನೋಡುವುದು. ಸುಟ್ಟ ಗೋದಾಮು, ನೆನೆದ ಬಟ್ಟೆಯಂಗಡಿ, ತಾನಾಗಿಯೇ ಬಿದ್ದಿತಂತೆ ಎನ್ನುವ ಗೋಡೆ. 'ಹೇಗಾಯ್ತೋ ಗೊತ್ತಿಲ್ಲ ಮೇಡಂ' ಎಂಬ ಮಾತು ಕೇಳಿ ಕೇಳಿ ಕಿವಿ ಸವೆದಿತ್ತು. ತಪಾಸಣೆಯಮ್ಮ ಎಂದು ಹೆಸರಿಟ್ಟದ್ದು ಮಾತ್ರ ಈ ಗೆಳತಿಯೇ, ಕಾಲೇಜು ಹಾಸ್ಟೆಲಿನಲ್ಲಿ, ಯಾರ ಸೋಪನ್ನು ಯಾರು ಸವೆಸಿದರೆಂದು ಸೋಪಿನ ಮೇಲಿನ ಕೂದಲು ನೋಡಿ ಹೇಳಿದ ದಿನ. ಕಂಪನಿಯಿಂದ ನಿವೃತ್ತಿ ಸಿಕ್ಕಿತು, ಹೆಸರಿನಿಂದ ಸಿಗಲಿಲ್ಲ.

"ಸರಿ. ಒಬ್ಬೊಬ್ಬರಾಗಿ ಹೇಳಿ. ಇದಕ್ಕೆ ಯಾರು ಯಾರು ಏನೇನು ಉಪಕಾರ ಮಾಡಿದ್ರಿ?"

ಕೋಣೆಯಲ್ಲಿ ಅವರಿಬ್ಬರಲ್ಲದೆ ಇನ್ನೂ ಮೂವರಿದ್ದರು. ಬಾಗಿಲಿಗೆ ಒರಗಿ ಫೋನು ನೋಡುತ್ತಿದ್ದ ಮೇಷ್ಟ್ರ ಮಗ. ಬಿಸಿನೀರಿನ ಬಾಟಲಿ ಹಿಡಿದು ನಿಂತಿದ್ದ ಸೊಸೆ. ಮಾವನ ಜೊತೆ ಅವಳೂ ಪುಸ್ತಕ ಓದುವವಳು. ಮತ್ತು ಸೌಂಡ್ ಇಂಜಿನಿಯರ್. ಕೂದಲು ಉದುರಿದ ಮೇಲೂ ತಲೆಯ ಮೇಲೆ ಹೆಡ್‌ಫೋನಿನ ಗುರುತು ಉಳಿಸಿಕೊಂಡಿದ್ದ ಆ ಮನುಷ್ಯನನ್ನು ಎಲ್ಲರೂ ಹೆಡ್‌ಫೋನ್ ಎಂದೇ ಕರೆಯುತ್ತಿದ್ದರು. ಅವನು ಡ್ರಾಯರಿನಲ್ಲಿ ತಲೆ ತೂರಿಸಿ ಏನೋ ಹುಡುಕುತ್ತಿದ್ದ.

"ನಾನು ಒರೆಸಿದೆ ದೊಡ್ಡಮ್ಮ," ಎಂದಳು ಸೊಸೆ. "ಒದ್ದೆ ಬಟ್ಟೇಲಿ."

"ಒದ್ದೆಯಾದದ್ದನ್ನ ಒದ್ದೆ ಬಟ್ಟೇಲಿ ಯಾಕಮ್ಮ ಒರೆಸಿದೆ?"

"ಒಣಬಟ್ಟೆಗೆ ಹೋಗ್ಲಿಲ್ಲ. ಅಂಟಂಟಾಗಿತ್ತು."

ತಪಾಸಣೆಯಮ್ಮ ತಲೆಯಾಡಿಸಿದರು. "ನೀನೇನಪ್ಪ ಮಾಡಿದೆ?"

"ಹೇರ್ ಡ್ರೈಯರ್ ಹಿಡಿದೆ," ಎಂದ ಮಗ, ಫೋನಿನಿಂದ ಕಣ್ಣೆತ್ತದೆ.

"ಎಷ್ಟು ಹತ್ತಿರ ಹಿಡಿದೆ ಅನ್ನೋದು ಕಾಣ್ತಿದೆ. ಈ ನಾಲ್ಕು ಕೀ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಎದ್ದಿವೆ."

"ಒಳ್ಳೇದಕ್ಕೇ ಮಾಡಿದ್ದು ದೊಡ್ಡಮ್ಮ. ನಾನಂತೂ ನಿನ್ನೆನೇ ಹೇಳಿದೆ, ಇದನ್ನ ಎಸೆದು ಹೊಸದು ತರೋಣ ಅಂತ. ಎಷ್ಟು ಹಳೇದು ನೋಡಿ, ಇಟ್ಟಿಗೆ ಹಾಗಿದೆ."

"ಇದರ ಫ್ಯಾನು ಸದ್ದು ಮಾಡಲ್ಲ ಸಾರ್," ಎಂದು ಡ್ರಾಯರಿನೊಳಗಿಂದ ಹೆಡ್‌ಫೋನಿನ ದನಿ ಬಂತು. "ಅದಕ್ಕೇ ಮೇಷ್ಟ್ರು ಬಿಟ್ಟುಕೊಡಲಿಲ್ಲ."

"ನೀವು ಮಾತಾಡಬೇಡಿ," ಎಂದ ಮಗ. "ನಿಮಗೆ ಇವತ್ತೇ ಕಡೇ ದಿನ ಅಂತ ಹೇಳಿದೀನಲ್ಲ. ನಿಮ್ಮ ಕಾವಲಲ್ಲಿ ಇದ್ದದ್ದು ಹೀಗಾಗಿದೆ."

"ಲೋ, ಬೇಡವೋ," ಎಂದರು ಗೆಳತಿ. ರಾತ್ರಿಯಿಂದ ಅದನ್ನೇ ಹೇಳುತ್ತಿದ್ದರು ಎಂಬುದು ಆ ದನಿಯ ಸುಸ್ತಿನಿಂದ ಗೊತ್ತಾಗುತ್ತಿತ್ತು.

"ನಿಮ್ಮ ಉಪಕಾರ ಏನು?" ತಪಾಸಣೆಯಮ್ಮ ಡ್ರಾಯರಿನ ಕಡೆ ಕೇಳಿದರು.

ಹೆಡ್‌ಫೋನ್ ತಲೆ ಹೊರಗೆ ತಂದ. "ಡ್ರೈಯರ್ ಹಿಡಿದಾದ ಮೇಲೆ ಆನ್ ಮಾಡಿ ನೋಡಿದೆ ಮೇಡಂ."

"ಆನ್ ಮಾಡಿದ್ರಿ."

"ಒಂದೇ ಸಲ. ಇಲ್ಲ, ಎರಡು ಸಲ. ಪಾಸ್‌ವರ್ಡ್ ಜಾಗದಲ್ಲಿ ಯಾವುದೋ ಒಂದು ಕೀ ತಾನಾಗೇ ಒತ್ಕೊಂಡು ಚುಕ್ಕಿ ಮೇಲೆ ಚುಕ್ಕಿ ಓಡ್ತಾ ಇತ್ತು. ಬೇರೆ ಕೀಬೋರ್ಡ್ ತಂದು ಸಿಕ್ಕಿಸಿದೆ. ಆದ್ರೂ ಒಳಗಿಂದು ನಿಲ್ಲಲಿಲ್ಲ. ಆಮೇಲೆ ಆಫ್ ಮಾಡ್ದೆ. ಅಮ್ಮ ತಗೊಂಡು ಹೋಗಿ ಅಕ್ಕಿ ಡಬ್ಬಿಗೆ ಹಾಕಿದ್ರು."

"ಮೇಷ್ಟ್ರ ಮಾತನ್ನ ಇನ್ನೆಲ್ಲೂ ಕಾಪಿ ಮಾಡಿಟ್ಟಿಲ್ಲ."

"ಪುಸ್ತಕ ಪೂರ್ತಿ ಮುಗಿದ ಮೇಲೆ ಒಟ್ಟಿಗೆ ಕಾಪಿ ತೆಗೆಯೋದು ನಮ್ಮ ಪದ್ಧತಿ ಮೇಡಂ. ಇನ್ನೂ ಸೊಸೆಯವರ ಭಾಗ ಬಾಕಿ ಇತ್ತು. ಮತ್ತೆ ಮೇಷ್ಟ್ರು ಅವತ್ತು ನನ್ನ ಹೊರಗೆ ಕಳಿಸಿ ತಾವೇ ಬಟನ್ ಒತ್ಕೊಂಡ್ರು. ಏನು ಹೇಳಿದ್ರೋ ನಾನೂ ಕೇಳಿಲ್ಲ."

ತಪಾಸಣೆಯಮ್ಮ ಕಣ್ಣು ಮುಚ್ಚಿ ತೆರೆದರು. ಸುಮ್ಮನೆ ಆಫ್ ಮಾಡಿ, ಬ್ಯಾಟರಿ ತೆಗೆದು, ಪುಸ್ತಕವನ್ನು ಬೋರಲು ನಿಲ್ಲಿಸಿದ ಹಾಗೆ ಇಟ್ಟು, ಯಾರೂ ಮುಟ್ಟದೆ ಇದ್ದಿದ್ದರೆ ಈ ಯಂತ್ರ ಇಷ್ಟು ಹೊತ್ತಿಗೆ ಮಾತಾಡುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು ಪ್ರೀತಿಯಿಂದ ಅದನ್ನು ಕೊಂದಿದ್ದರು.

"ಎಲ್ಲರೂ ಕೇಳಿ. ಕೀಬೋರ್ಡ್ ಹಾಳಾದ್ರೆ ಡಿಸ್ಕ್ ಹಾಳಾಗಬೇಕು ಅಂತೇನಿಲ್ಲ. ಹಳೇದಾಗಿದ್ದೇ ಒಳ್ಳೇದಾಯ್ತು, ಇದರಲ್ಲಿ ಡಿಸ್ಕ್ ಅಡಿಯಲ್ಲಿ ಬೇರೆ ಮುಚ್ಚಳದೊಳಗೆ ಇರುತ್ತೆ. ಬಿಚ್ಚಿ, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದ್ರೆ ಆಯ್ತು. ಸಂಜೆಯೊಳಗೆ ಇವಳು ಗಂಡನ ಮಾತು ಕೇಳ್ತಾಳೆ. ಒಂದು ಸಣ್ಣ ಸ್ಕ್ರೂಡ್ರೈವರ್ ಬೇಕು ಅಂತ ನಾನು ಬಂದಾಗಿಂದ ಕೇಳ್ತಿದೀನಿ."

"ಅದನ್ನೇ ಹುಡುಕ್ತಿದೀನಿ ಮೇಡಂ." ಹೆಡ್‌ಫೋನ್ ಚಪ್ಪಟೆ ಡಬ್ಬಿಯೊಂದನ್ನು ತೆರೆದು ತೋರಿಸಿದ. ದೊಡ್ಡದರಿಂದ ಚಿಕ್ಕದಕ್ಕೆ ಸ್ಕ್ರೂಡ್ರೈವರುಗಳು ಸಾಲಾಗಿ ಮಲಗಿದ್ದವು. ಕೊನೆಯ ಗುಳಿ ಖಾಲಿ. "ನಿನ್ನೆ ಇಲ್ಲೇ ಇತ್ತು. ಆಣೆ ಮಾಡಿ ಹೇಳ್ತೀನಿ."

"ಆಣೆ ಬೇಡ, ಸ್ಕ್ರೂಡ್ರೈವರ್ ಬೇಕು. ಹುಡುಕಿ."

ಅವರು ಮತ್ತೆ ಪಿನ್ನು ಎತ್ತಿಕೊಂಡರು. ಆಗಲೇ ಕಂಡದ್ದು. ಕೀಬೋರ್ಡಿನ ಎಡಮೂಲೆಯಿಂದ ಒಂದು ಕೆಂಪಿರುವೆ ಹೊರಬಂತು, ಹಿಂದೆಯೇ ಇನ್ನೊಂದು, ಅದರ ಹಿಂದೆ ಒಂದು ಸಾಲು. ಎಲ್ಲವೂ ನೆಟ್ಟಗೆ ಒಂದೇ ಸಂದಿಗೆ ಹೋಗಿ ಇಳಿಯುತ್ತಿದ್ದವು. ತಪಾಸಣೆಯಮ್ಮ ಅವನ್ನು ಓಡಿಸಲಿಲ್ಲ. ಹಿಂದೆ ವಾಲಿ ಕುಳಿತು ನೋಡಿದರು.

"ನಿನ್ನೆ ಸಂಜೆ ಏನು ಬಿತ್ತು ಇದರ ಮೇಲೆ?"

"ನೀರು," ಎಂದ ಹೆಡ್‌ಫೋನ್, ತಟ್ಟನೆ. "ನನ್ನ ಬಾಟಲಿ ನೀರು. ಪಕ್ಕದ ಮೇಜಿನ ಮೇಲಿಟ್ಟಿದ್ದೆ, ಕೈ ತಾಗಿ ಬಿತ್ತು."

ಮಗ ಕೈ ಚಾಚಿದ, ಇನ್ನೇನು ಬೇಕು ಎಂಬಂತೆ.

"ಇದನ್ನ ನೀವು ನಿನ್ನೆನೇ ಒಪ್ಕೊಂಡ್ರಾ?"

"ಹೌದು ಮೇಡಂ."

"ಈ ಇರುವೆಗಳಿಗೆ ಬಾಯಾರಿಕೆ ಆಗಿದೆ ಅಂತೀರಾ?"

ಹೆಡ್‌ಫೋನ್ ಸಾಲನ್ನು ನೋಡಿದ.

"ಏನಮ್ಮ," ತಪಾಸಣೆಯಮ್ಮ ಸೊಸೆಯತ್ತ ತಿರುಗಿದರು, "ನೀವು ಓದುವಾಗ ಏನು ಕುಡೀತೀರಿ?"

"ಬರೀ ಬಿಸಿನೀರು ದೊಡ್ಡಮ್ಮ. ಸಿಹಿ ಕುಡಿದ್ರೆ ನಾಲಿಗೆ ಅಂಟುತ್ತೆ, ಮೈಕಲ್ಲಿ ಚಟ್ ಚಟ್ ಅಂತ ಸದ್ದು ಬರುತ್ತೆ. ಮಾವ ಈ ಕೋಣೆಯೊಳಗೆ ಸಕ್ಕರೆ ಹಾಕಿದ್ದು ಏನೂ ಬಿಡಲ್ಲ. ಓದು ಮುಗಿದ ಮೇಲೆ ಮಾತ್ರ, ಗಂಟಲಿಗೆ ಹಿತ ಅಂತ ಜೇನು ಹಾಕಿದ ನೀರು." ಅವಳು ಮಾತು ನಿಧಾನಿಸಿದಳು. "ಅದನ್ನ ಅತ್ತೆ…"

ಅಲ್ಲಿಗೇ ನಿಲ್ಲಿಸಿ, ಬಾಟಲಿಯ ಮುಚ್ಚಳವನ್ನು ತಿರುಗಿಸತೊಡಗಿದಳು. ಅದು ಮೊದಲೇ ಬಿಗಿಯಾಗಿತ್ತು.

ತಪಾಸಣೆಯಮ್ಮ ಎದ್ದು ಹೆಡ್‌ಫೋನಿನ ಕುರ್ಚಿಯಲ್ಲಿ ಹೋಗಿ ಕುಳಿತರು. ಎದುರಿಗೆ ಗುಂಡಿಗಳ ದೊಡ್ಡ ಮೇಜು. ಅದರಾಚೆ ಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿ, ಕಿಟಕಿಯ ಆ ಬದಿಗೆ ಓದುವ ಗೂಡು. ಯಾರಾದರೂ ನೋಡುತ್ತಿದ್ದರೆ ಮೇಷ್ಟ್ರಿಗೆ ಓದಲು ನಾಚಿಕೆ; ಹಾಗಾಗಿ ಗೂಡಿನ ಒಳಗಡೆಯಿಂದ ಕಪ್ಪು ಪರದೆ ಎಳೆದೇ ಇರುತ್ತಿತ್ತು. ಗೂಡಿಗೆ ಬಾಗಿಲು ಹೊರಗಿನ ಓಣಿಯಿಂದ. ಕಿಟಕಿಯ ಮೇಲೆ ಒಂದು ಕೆಂಪು ದೀಪ. ಒಳಗೆ ಕುಳಿತವರು ಸ್ವಿಚ್ಚು ಒತ್ತಿದರೆ ಅದು ಹತ್ತಿಕೊಳ್ಳುತ್ತದೆ, ಹತ್ತಿದರೆ ಈ ಮನೆಯಲ್ಲಿ ಯಾರೂ ಉಸಿರೆತ್ತುವುದಿಲ್ಲ.

"ಹಿಂದೆ ಕಪ್ಪು ಪರದೆ ಇರೋದ್ರಿಂದ ಈ ಗಾಜು ಕನ್ನಡಿ ಹಾಗೆ ಆಗಿದೆ," ಎಂದರು ತಪಾಸಣೆಯಮ್ಮ. "ಇಲ್ಲಿ ಕೂತ್ರೆ ನನಗೆ ಬೆನ್ನ ಹಿಂದಿನ ಬಾಗಿಲು ಕಾಣ್ತಿದೆ. ಲ್ಯಾಪ್‌ಟಾಪ್ ಇಡೋ ಪಕ್ಕದ ಮೇಜು ಕಾಣ್ತಿದೆ. ನನ್ನ ಗೆಳತಿ ಸೆರಗಿನ ತುದಿ ಹಿಂಡ್ತಿರೋದೂ ಕಾಣ್ತಿದೆ. ನಿನ್ನೆ ನೀವು ಯಾರನ್ನ ನೋಡಿದ್ರಿ?"

"ಯಾರನ್ನೂ ಇಲ್ಲ."

"ಕೆಲಸ ಹೋಗುತ್ತೆ ನಿಮಗೆ."

"ಹೋಗ್ಲಿ ಮೇಡಂ."

"ಹೋಗ್ಲಿ ಅಂತೆ. ಕಂಪನೀಲಿ ಇದ್ದಷ್ಟು ಕಾಲ ಸುಳ್ಳು ಹೇಳೋರನ್ನ ನೋಡಿದೀನಿ. ಎಲ್ಲರೂ ತಮಗೆ ಲಾಭ ಇದೆ ಅಂತ ಹೇಳೋರು. ಅವರ ಜೊತೆ ಕೆಲಸ ಸುಲಭ. ನಿಮ್ಮಂಥವರು ತಲೆ ತಿಂದುಬಿಡ್ತೀರಿ. ನಿಮಗಿದ್ರಿಂದ ಸಿಗೋದಾದ್ರೂ ಏನ್ರೀ?"

ಹೆಡ್‌ಫೋನ್ ಕತ್ತಿನಲ್ಲಿದ್ದ ಹೆಡ್‌ಫೋನನ್ನು ಹಿಡಿದುಕೊಂಡ. "ದೀಪ ಉರೀತಿದ್ದಾಗ ನನ್ನ ಊಟದ ಹೊತ್ತಾಯ್ತು ಅಂದ್ರೆ, ಒಬ್ಬರು ತಟ್ಟೆಗೆ ಬಟ್ಟೆ ಸುತ್ತಿ ತರ್ತಾರೆ ಮೇಡಂ. ಚಮಚ ಸದ್ದು ಮಾಡಬಾರದು ಅಂತ. ಈ ಕೆಲಸಕ್ಕೆ ಬಂದ ದಿನದಿಂದ ಹಾಗೇ ತರ್ತಿದಾರೆ. ನಾನು ಇನ್ನೇನೂ ಹೇಳಲ್ಲ."

"ಸಾಕು ಬಿಡೇ ಅವನನ್ನ," ಎಂದರು ಗೆಳತಿ.

ಚೀಲವನ್ನು ಕೆಳಗಿಟ್ಟು ಎದ್ದು ನಿಂತರು. "ನಾನೇ ಕಣೇ ಚೆಲ್ಲಿದ್ದು."

ಮಗ ಫೋನನ್ನು ಕೆಳಗಿಳಿಸಿದ. "ಅಮ್ಮ?"

"ಆಸ್ಪತ್ರೆಯಿಂದ ಬಂದವಳೇ ನೆಟ್ಟಗೆ ಇಲ್ಲಿಗೆ ಬಂದೆ. ಅವರ ಮಾತು ಹಾಕಿಕೊಡಪ್ಪ ಅಂತ ಕೇಳೋಕೆ. ಬರಿಗೈಲಿ ಬಂದು ಕೇಳೋಕೆ ಒಂಥರಾ ಸಂಕೋಚ ಆಯ್ತು. ಸೊಸೆಗೆ ಜೇನುನೀರು ತರೋ ನೆಪ ಮಾಡ್ಕೊಂಡೆ. ದೀಪ ಉರೀತಿತ್ತು, ಇವಳು ಒಳಗೆ ಓದ್ತಿದ್ಲು. ಲೋಟ ಮೇಜಿನ ಮೇಲಿಟ್ಟು ಕಾಯೋಣ ಅಂದುಕೊಂಡೆ. ಬೆಳಿಗ್ಗೆಯಿಂದ ಕೈ ನಡುಗ್ತಾನೇ ಇತ್ತು. ಲೋಟ ವಾಲಿತು."

"ತಕ್ಷಣ ಎತ್ತಿ ಬೋರಲು ಹಾಕೋದಲ್ವೇನೇ?"

"ಅದಕ್ಕೆ ಎಷ್ಟೆಲ್ಲ ತಂತಿ ಸಿಕ್ಕಿಸಿರ್ತಾರೆ. ಎಳೆದ್ರೆ ಸದ್ದಾಗುತ್ತೆ."

"ಕೂಗಬೇಕಿತ್ತು."

ಗೆಳತಿ ಅವರನ್ನು ಅರ್ಥವಾಗದವರಂತೆ ನೋಡಿದರು. "ಕೆಂಪು ದೀಪ ಉರೀತಿತ್ತು ಕಣೇ."

ತಪಾಸಣೆಯಮ್ಮನ ಹೊರತು ಅಲ್ಲಿದ್ದ ಎಲ್ಲರಿಗೂ ಆ ಉತ್ತರ ಸಾಕಾಗಿತ್ತು. ಸೊಸೆಯ ಕಣ್ಣು ತುಂಬಿತು.

"ಅಂದ್ರೆ ನೀನು," ತಪಾಸಣೆಯಮ್ಮ ಒಂದೊಂದೇ ಮಾತು ಹೊರತಂದರು, "ನಿನ್ನ ಗಂಡನ ಮಾತಿನ ಮೇಲೆ ಜೇನುನೀರು ಇಳೀತಿರೋದನ್ನ ನೋಡ್ತಾ, ಸೊಸೆ ಅಧ್ಯಾಯ ಮುಗಿಸೋ ತನಕ ನಿಂತಿದ್ದೆ."

"ಸೆರಗಲ್ಲಿ ಒತ್ತಿ ಹಿಡಿದಿದ್ದೆ. ಎಷ್ಟು ಹೀರ್ಕೊಳ್ಳುತ್ತೋ ಅಷ್ಟು. ಅವಳು ಅಳೋ ಭಾಗ ಓದ್ತಿದ್ಲು, ಚೆನ್ನಾಗಿ ಬರ್ತಿತ್ತು. ನಡುವೆ ಕೆಡಿಸಿದ್ರೆ ಮತ್ತೆ ಅಷ್ಟು ಚೆನ್ನಾಗಿ ಬರಲ್ಲ ಅಂತ ಇವರು ಯಾವಾಗ್ಲೂ ಹೇಳೋರು. ದೀಪ ಆರೋ ಹೊತ್ತಿಗೆ ಹೆದರಿ ಆಚೆ ಹೋಗ್ಬಿಟ್ಟೆ. ಆಮೇಲೆ ಇವನು ತಾನೇ ಚೆಲ್ಲಿದ್ದು ಅಂತ ಹೇಳ್ತಿದ್ದ. ನನಗೆ ಬಾಯೇ ಬರಲಿಲ್ಲ. ಅವರಿಗೆ ಏನು ಮುಖ ತೋರಿಸಲಿ ಅಂತ ಅದೊಂದೇ ಯೋಚನೆ."

ತಪಾಸಣೆಯಮ್ಮನಿಗೆ ಕೈಲಿದ್ದ ಪಿನ್ನನ್ನು ಎಸೆಯಬೇಕೆನಿಸಿತು. ಬದಲಿಗೆ ಅದನ್ನು ತಲೆಗೆ ಸಿಕ್ಕಿಸಿಕೊಂಡರು. ಬೈಯೋಣವೆಂದರೆ ಯಾರನ್ನು ಬೈಯುವುದು.

"ಅವರ ಕೆಲಸ ಹೋಗಲ್ಲ ಅಂತ ಈಗಲೇ ಹೇಳು," ಎಂದರು ಮಗನಿಗೆ.

ಮಗ ಕೆಮ್ಮಿದ. "ಸಾರಿ," ಎಂದ, ಹೆಡ್‌ಫೋನಿನ ಭುಜದ ಕಡೆಗೆ ನೋಡಿ.

"ಪರವಾಗಿಲ್ಲ ಸಾರ್. ಸ್ಕ್ರೂಡ್ರೈವರ್ ಮಾತ್ರ ಸಿಗ್ತಿಲ್ಲ."

"ಹಾಳಾಗಲಿ ಬಿಡಿ. ಉಗುರು ಕತ್ತರಿಸೋದಿದೆ ನನ್ನ ಹತ್ತಿರ, ಅದರ ತುದೀಲಿ ನೋಡೋಣ. ಇಲ್ಲಿ ಬಾರೇ, ಕೂತ್ಕೊ. ಡಿಸ್ಕಿಗೆ ಜೇನು ಇಳಿದಿರಲ್ಲ. ನಿನ್ನ ಗಂಡನ ಪ್ರಶ್ನೆ ಇನ್ನೇನು ಕೈಗೆ ಸಿಗುತ್ತೆ."

ಗೆಳತಿ ಬಂದು ಪಕ್ಕದಲ್ಲಿ ಕುಳಿತರು. ತಪಾಸಣೆಯಮ್ಮ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅಡಿಯ ಸಣ್ಣ ಮುಚ್ಚಳದ ಮೊದಲ ಸ್ಕ್ರೂಗೆ ಉಗುರುಕತ್ತರಿಯ ತುದಿ ಇಟ್ಟರು.

ತುದಿ ಬೇಕಾಗಲಿಲ್ಲ. ಸ್ಕ್ರೂ ಬೆರಳಿಗೇ ತಿರುಗಿತು. ಎರಡನೆಯದೂ ಹಾಗೆಯೇ.

"ಇದನ್ನ ಯಾರಾದ್ರೂ ಬಿಚ್ಚಿದ್ರಾ?"

ಎಲ್ಲರೂ ತಲೆಯಲ್ಲಾಡಿಸಿದರು.

ಮುಚ್ಚಳ ತೆಗೆದರು. ಒಳಗೆ ಒಂದು ಚೌಕನೆಯ ಗುಳಿ. ಗುಳಿಯಲ್ಲಿ ಡಿಸ್ಕ್ ಇರಲಿಲ್ಲ. ನಡುಮಧ್ಯದಲ್ಲಿ, ಯಾರೋ ಇಟ್ಟು ಹೋದ ಹಾಗೆ, ಒಂದೇ ಒಂದು ಅಕ್ಕಿಕಾಳು ಇತ್ತು.

ಗೆಳತಿ ಖಾಲಿ ಗುಳಿಯ ಮೇಲೆ ಬೆರಳು ಸವರಿದರು, ಮಗುವಿನ ಹಣೆಯ ಕಾವು ನೋಡುವ ಹಾಗೆ.

"ಹೋಯ್ತಲ್ಲ," ಎಂದ ಮಗ. "ಇದಕ್ಕೇ ನಾನು ಅಂದದ್ದು…"

"ನೀನು ಸುಮ್ಮನಿರು." ತಪಾಸಣೆಯಮ್ಮ ಅಕ್ಕಿಕಾಳನ್ನು ಅಂಗೈಗೆ ತೆಗೆದುಕೊಂಡರು. ಈಗ ಅವರ ಸಿಡುಕು ಬೇರೆ ಬಗೆಯದಾಗಿತ್ತು, ಹರಿತವಾಗಿತ್ತು. "ಈ ಮುಚ್ಚಳಕ್ಕೆ ಸಂದಿ ಇಲ್ಲ. ಅಕ್ಕಿ ತಾನಾಗಿ ಒಳಗೆ ಹೋಗಲ್ಲ. ಬಿಚ್ಚಿದಾಗ ಕೀಗಳ ಸಂದಿಯಿಂದ ಉದುರಿ ಬಿದ್ದಿದೆ. ಅಂದ್ರೆ ಡಬ್ಬಿಯಿಂದ ತೆಗೆದ ಮೇಲೆ ಬಿಚ್ಚಿದಾರೆ. ರಾತ್ರಿ ಡಿಸ್ಕ್ ಇತ್ತು, ಇವರು ಆನ್ ಮಾಡಿ ನೋಡಿದಾರೆ. ಇವತ್ತು ಬೆಳಿಗ್ಗೆ ಅಕ್ಕಿಯಿಂದ ತೆಗೆದೋರು ಯಾರು?"

"ನಾನು," ಎಂದರು ಗೆಳತಿ. "ತೆಗೆದು ಇವನ ಕೈಗೆ ಕೊಟ್ಟೆ, ಬಿಸಿಲಿಗಿಡು ಅಂತ."

"ಮಹಡಿ ಮೇಲೆ ನೀರಿನ ಟ್ಯಾಂಕಿನ ಪಕ್ಕ ಇಟ್ಟು, ಬಟ್ಟೆ ಮುಚ್ಚಿ ಇಳಿದುಬಂದೆ," ಎಂದ ಮಗ. "ಅಷ್ಟೇ. ಸ್ನಾನಕ್ಕೆ ಹೋದೆ."

"ಆಮೇಲೆ?"

"ಮಧ್ಯಾಹ್ನ ನೀವು ಬಂದಾಗ ನಾನು ಹೋಗಿ ತಂದೆ ಮೇಡಂ," ಎಂದ ಹೆಡ್‌ಫೋನ್.

"ನಡುವೆ ಮಹಡಿಗೆ ಯಾರು ಹೋದ್ರು?"

"ಮಹಡಿಗೆ ಬೀದಿ ಕಡೆಯಿಂದಲೂ ಮೆಟ್ಟಿಲಿದೆ ದೊಡ್ಡಮ್ಮ," ಎಂದಳು ಸೊಸೆ. "ಚಿಲಕ ಇಲ್ಲ."

ತಪಾಸಣೆಯಮ್ಮ ಹಣೆ ಒತ್ತಿಕೊಂಡರು. ಖಾಲಿ ಗುಳಿಯಿದ್ದ ಸ್ಕ್ರೂಡ್ರೈವರ್ ಡಬ್ಬಿ ಮೇಜಿನ ಮೇಲೆ ತೆರೆದೇ ಬಿದ್ದಿತ್ತು. ಜೇನುನೀರು ಚೆಲ್ಲಿದ್ದು ಒಂದು ಕೈ. ಅದನ್ನು ನೆಪ ಮಾಡಿಕೊಂಡದ್ದು ಇನ್ನೊಂದು. ಆ ಇನ್ನೊಂದು ಕೈಗೆ ಈ ಕೋಣೆಯ ಡ್ರಾಯರು ಗೊತ್ತು, ಡಿಸ್ಕ್ ಎಲ್ಲಿರುತ್ತದೆ ಎಂಬುದು ಗೊತ್ತು, ಮೇಷ್ಟ್ರು ಅದರಲ್ಲಿ ಏನೋ ಇಟ್ಟಿದ್ದಾರೆ ಎಂಬುದೂ ಗೊತ್ತು.

"ಆಸ್ಪತ್ರೆ ಬಾಗಿಲಲ್ಲಿ ಅವರು ಪ್ರಶ್ನೆ ವಿಷಯ ಹೇಳಿದಾಗ," ಅವರು ಗೆಳತಿಯನ್ನು ಕೇಳಿದರು, "ಪಕ್ಕದಲ್ಲಿ ಯಾರಿದ್ರೇ?"

ಗೆಳತಿ ಉತ್ತರಿಸಲು ಬಾಯಿ ತೆರೆದರು.

ಕೆಂಪು ದೀಪ ಹತ್ತಿತು.

ಗೆಳತಿಯ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮಗ ಫೋನಿನ ಮೇಲೆ ಅಂಗೈ ಒತ್ತಿದ. ಸೊಸೆ ಬಾಟಲಿಯನ್ನು ಎದೆಗೆ ಅವಚಿಕೊಂಡಳು. ಹೆಡ್‌ಫೋನ್ ಎತ್ತಿದ ಕಾಲನ್ನು ನೆಲಕ್ಕಿಡದೆ ನಿಂತ. ತಪಾಸಣೆಯಮ್ಮ ಒಬ್ಬೊಬ್ಬರನ್ನೂ ನೋಡಿದರು. ಮನೆಯವರೆಲ್ಲ ಇಲ್ಲೇ ಇದ್ದರು.

ಹಾಗಾದರೆ ಗೂಡಿನೊಳಗೆ ಕುಳಿತವರು ಯಾರು?

ಅವರು ಏಳಹೊರಟರು. ಅಷ್ಟರಲ್ಲಿ ಗೋಡೆಯ ಸ್ಪೀಕರಿನಲ್ಲಿ ಸಣ್ಣ ಕರಕರ ಸದ್ದಾಯಿತು, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಆ ಗಂಟಲು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಕೇಳ್ತಿದೀಯಾ?" ಎಂದಿತು ಓದು ಮೇಷ್ಟ್ರ ದನಿ. "ಇದು ಪುಸ್ತಕ ಅಲ್ಲ ಕಣೇ. ನಾನೇ."

ಯಾರೋ ಒಳಗೆ ಮೈಕಿನ ಮುಂದೆ ಆ ರೆಕಾರ್ಡಿಂಗನ್ನು ಹಾಕಿದ್ದರು. ಕದ್ದವರು ಗೋಡೆಯ ಆಚೆಗೇ ಇದ್ದರು. ಓಣಿಗೆ ಹೋಗಿ ಬಾಗಿಲು ತಳ್ಳಿದರೆ ಸಾಕು.

ಗೆಳತಿಯ ಕೈ ಬಂದು ತಪಾಸಣೆಯಮ್ಮನ ಮಣಿಕಟ್ಟನ್ನು ಹಿಡಿಯಿತು. ನಿನ್ನೆಯಿಂದ ನಡುಗುತ್ತಿದ್ದ ಕೈ ಈಗ ನಡುಗುತ್ತಿರಲಿಲ್ಲ. ತಪಾಸಣೆಯಮ್ಮ ಬಿಡಿಸಿಕೊಳ್ಳಲು ನೋಡಿದರು. ಗೆಳತಿ ಕಣ್ಣು ಮುಚ್ಚಿ, ಇನ್ನೂ ಬಿಗಿಯಾಗಿ ಹಿಡಿದರು.

"ಇಷ್ಟು ವರ್ಷ ಯಾರ್ಯಾರೋ ಬರೆದದ್ದನ್ನ ಓದಿದೆ. ನನ್ನ ಮಾತು ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗ್ತಿಲ್ಲ ನೋಡು." ಮೇಷ್ಟ್ರು ನಕ್ಕರು. ಆ ನಗು ಗಂಟಲಿನಲ್ಲಿ ಎಲ್ಲೋ ತೊಡರಿತು. "ನೀನು ಯಾವತ್ತೂ ದೀಪ ಉರೀವಾಗ ಒಳಗೆ ಬಂದವಳಲ್ಲ. ಬಾಗಿಲ ಹೊರಗೆ ನಿಂತಿರ್ತಿದ್ದೆ, ನನಗೆ ಗೊತ್ತಿತ್ತು. ಅದಕ್ಕೇ ಇದನ್ನ ಇಲ್ಲೇ ಕೂತು ಹೇಳ್ತಿದೀನಿ. ಪ್ರಶ್ನೆ ಇಷ್ಟೇ ಕಣೇ."

ದೀಪ ಆರಿತು. ಸ್ಪೀಕರು ಸುಮ್ಮನಾಯಿತು.

ತಪಾಸಣೆಯಮ್ಮ ಕೈ ಕಿತ್ತುಕೊಂಡು ಓಣಿಗೆ ಓಡಿದರು. ಗೂಡಿನ ಭಾರವಾದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಓಣಿಯ ತುದಿಯಲ್ಲಿ ಬೀದಿಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು. ಅವರು ಹೋಗಿ ನೋಡುವಷ್ಟರಲ್ಲಿ ಬೀದಿಯಲ್ಲಿ ನಡೆಯುತ್ತಿದ್ದವರೆಲ್ಲ ಒಂದೇ ಥರ ಕಂಡರು.

ಏದುಸಿರು ಬಿಡುತ್ತ ವಾಪಸು ಬಂದಾಗ ಗೆಳತಿ ಗೂಡಿನ ಬಾಗಿಲಲ್ಲಿದ್ದರು.

"ಬಿಟ್ಟಿದ್ರೆ ಹಿಡಿದಿರ್ತಿದ್ದೆ," ಎಂದರು ತಪಾಸಣೆಯಮ್ಮ. "ಇಡೀ ಊರಲ್ಲಿ ನಿನ್ನಂಥ ಗೆಳತಿ ನನಗೊಬ್ಬಳಿಗೇ ಸಿಗಬೇಕಿತ್ತಾ?"

"ನನಗೆ ಕಳ್ಳ ಬೇಕಿರಲಿಲ್ಲ ಕಣೇ."

ತಪಾಸಣೆಯಮ್ಮ ಗೆಳತಿಯ ಭುಜ ಒಮ್ಮೆ ಒತ್ತಿ, ಒಳಗೆ ಹೋಗಿ ದೀಪ ಹಾಕಿದರು. ಕುರ್ಚಿ ಹಿಂದಕ್ಕೆ ಸರಿದಿತ್ತು. ಕೂತ ಜಾಗ ಮುಟ್ಟಿ ನೋಡಿದರು, ಇನ್ನೂ ಬೆಚ್ಚಗಿತ್ತು. ಪುಸ್ತಕ ಇಡುವ ಓರೆಹಲಗೆಯ ಮೇಲೆ ಆ ಸಣ್ಣ ಸ್ಕ್ರೂಡ್ರೈವರ್ ಇತ್ತು. ಪಕ್ಕದಲ್ಲಿ, ಕಡ್ಡಿಗಳನ್ನು ಜೋಪಾನವಾಗಿ ಮಡಿಸಿಟ್ಟ ಒಂದು ಹಳೆಯ ಕನ್ನಡಕ.

"ಮೇಷ್ಟ್ರದ್ದು ಅಲ್ವಾ? ಇಲ್ಲೇ ಬಿಟ್ಟು ಹೋಗಿದ್ರಾ?"

ಗೆಳತಿ ಹತ್ತಿರ ಬಂದು ಅದನ್ನು ಎತ್ತಿಕೊಂಡರು. ಒಂದು ಕಡ್ಡಿಯ ಬುಡದಲ್ಲಿ ಕಪ್ಪು ದಾರ ಸುತ್ತಿತ್ತು. ಆ ಗಂಟು ಅವರೇ ಹಾಕಿದ್ದು.

"ಇಲ್ಲ," ಎಂದರು. "ನಿನ್ನೆ ಆಸ್ಪತ್ರೇಲಿ, ಕಣ್ಣು ಬಿಟ್ಟ ತಕ್ಷಣ ಕೈಗೆ ಸಿಗಲಿ ಅಂತ, ಇದನ್ನ ಅವರ ದಿಂಬಿನ ಪಕ್ಕ ಇಟ್ಟು ಬಂದವಳು ನಾನೇ."